ಗೇಮ್‌ಗಳ ಮರುಬಿಡುಗಡೆಗೂ ವಿಮರ್ಶೆ ಬೇಕು

ಮಾನ್ಯ ಸಂಪಾದಕರೆ,

ಹಳೆಯ ಚಲನಚಿತ್ರವನ್ನು ಶುಚಿಗೊಳಿಸಿ ಮತ್ತೆ ತೆರೆಗೆ ತಂದಾಗ ಪತ್ರಿಕೆಗಳ ಸಾಂಸ್ಕೃತಿಕ ಪುಟಗಳು ಅದನ್ನು ಗಮನಿಸುತ್ತವೆ. ಆ ಗಮನ ವಿಡಿಯೊ ಗೇಮ್‌ಗಳಿಗೂ ಸಲ್ಲಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನನ್ನನ್ನು ಇದಕ್ಕೆ ಪ್ರೇರೇಪಿಸಿದ್ದು, ಬಹುಕಾಲದ ನಂತರ ಮತ್ತೆ ಆಡಿದ ‘ಕತಮರಿ ದಮಶಿ’ ಎಂಬ ಜಪಾನಿ ಗೇಮ್.

ನಾಮ್ಕೊ ಸಂಸ್ಥೆ 2004ರಲ್ಲಿ ಪ್ಲೇಸ್ಟೇಷನ್ 2 ಎಂಬ ಗೇಮ್ ಯಂತ್ರಕ್ಕಾಗಿ ಹೊರತಂದ ಈ ಗೇಮ್‌ನ ನಿರ್ದೇಶಕ ಕೇತ ತಕಹಾಶಿ ಶಿಲ್ಪಕಲೆಯನ್ನು ಅಭ್ಯಾಸ ಮಾಡಿದವರು. ಕುಡಿದ ಮತ್ತಿನಲ್ಲಿ ಬ್ರಹ್ಮಾಂಡದ ರಾಜ ಆಕಾಶದ ನಕ್ಷತ್ರಗಳನ್ನೆಲ್ಲ ಹಾಳುಮಾಡುತ್ತಾನೆ; ಅವನ್ನು ಮತ್ತೆ ಸೃಷ್ಟಿಸುವ ಹೊಣೆ ಕೇವಲ ಐದು ಸೆಂಟಿಮೀಟರ್ ಎತ್ತರದ ರಾಜಕುಮಾರನ ಮೇಲೆ ಬೀಳುತ್ತದೆ. ನಕ್ಷತ್ರವಾಗಿಸಲೆಂದು ಅವನು ಉರುಳಿಸುವ ಉಂಡೆಗೆ ಮೊದಲು ಡ್ರಾಯಿಂಗ್ ಪಿನ್ನು, ರಬ್ಬರು, ಮಿಠಾಯಿಗಳು ಅಂಟಿಕೊಳ್ಳುತ್ತವೆ. ಉಂಡೆ ದೊಡ್ಡದಾದಂತೆ ಮನುಷ್ಯರು, ಕಾರುಗಳು, ಮನೆಗಳು, ಕೊನೆಗೆ ದ್ವೀಪಗಳೂ ಅದರೊಳಗೆ ಸೇರುತ್ತವೆ. ಮೊದಲು ಡಿಕ್ಕಿ ಹೊಡೆದು ಉಂಡೆಯಿಂದ ವಸ್ತುಗಳನ್ನು ಉದುರಿಸುತ್ತಿದ್ದ ಬೆಕ್ಕೇ ಮುಂದೆ ಅದಕ್ಕೆ ಅಂಟಿಕೊಂಡು ಕೈಕಾಲು ಬಡಿಯುವುದನ್ನು ಕಂಡಾಗ, ಅಳತೆಯೆಂಬುದು ನೋಡುವವನ ಗಾತ್ರವನ್ನು ಅವಲಂಬಿಸಿದೆ ಎಂಬ ಅರಿವು ಯಾವ ವಿವರಣೆಯೂ ಇಲ್ಲದೆ ಆಟಗಾರನಿಗೆ ಉಂಟಾಗುತ್ತದೆ.

‘ಕತಮರಿ ದಮಶಿ ರೀರೋಲ್’ ಎಂಬ ಹೆಸರಿನ ಮರುಬಿಡುಗಡೆ 2018ರಲ್ಲಿ ನಿಂಟೆಂಡೊ ಸ್ವಿಚ್ ಮತ್ತು ಕಂಪ್ಯೂಟರ್‌ಗಳಿಗೆ ಬಂದಿತು. ಚಿತ್ರ ಈಗ ಸ್ಪಷ್ಟವಾಗಿದೆ, ಆದರೆ ಮನುಷ್ಯರೂ ಪ್ರಾಣಿಗಳೂ ಮೊದಲಿನಂತೆ ಚೌಕಾಕಾರವಾಗಿಯೇ ಇದ್ದಾರೆ. ಇದು ಸರಿಯಾದ ತೀರ್ಮಾನವೆಂದು ನನ್ನ ದೃಢವಾದ ಅಭಿಪ್ರಾಯ. ಆ ಒರಟು ಆಕಾರಗಳು ಹಳೆಯ ಯಂತ್ರದ ಮಿತಿಯಿಂದ ಮಾತ್ರ ಹುಟ್ಟಿದವಲ್ಲ. ನೂರಾರು ವಸ್ತುಗಳು ಒಂದರ ಮೇಲೊಂದು ಅಂಟಿರುವಾಗಲೂ ಪೆನ್ಸಿಲ್ ಯಾವುದು, ಬಾಳೆಹಣ್ಣು ಯಾವುದು ಎಂದು ಕಣ್ಣಿಗೆ ತಕ್ಷಣ ತಿಳಿಯುವುದು ಅವುಗಳಿಂದಲೇ. ಆಡುವಾಗ ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಎರಡೂ ಕಡ್ಡಿಗಳನ್ನು ಒಟ್ಟಿಗೆ ಮುಂದಕ್ಕೆ ನೂಕಿ ಉಂಡೆ ಉರುಳಿಸುವ ಮೂಲ ವಿಧಾನವನ್ನೂ ಉಳಿಸಿಕೊಂಡು, ಸರಳವಾದ ಇನ್ನೊಂದು ವಿಧಾನವನ್ನು ಆಯ್ಕೆಯಾಗಿ ಮಾತ್ರ ಸೇರಿಸಿದ್ದಾರೆ. ಉದ್ದನೆಯ ವಸ್ತುವೊಂದು ಹೊರಚಾಚಿ ಉಂಡೆ ಕುಂಟತೊಡಗಿದಾಗ ಅದರ ಭಾರ ಎರಡು ಹೆಬ್ಬೆರಳುಗಳಿಗೂ ತಿಳಿಯಬೇಕು; ಹೊಸಬರು ಸ್ವಲ್ಪ ಶ್ರಮಪಟ್ಟಾದರೂ ಮೂಲ ವಿಧಾನದಲ್ಲಿಯೇ ಆಡಬೇಕೆಂಬುದು ನನ್ನ ಕೋರಿಕೆ. ಯು ಮಿಯಾಕೆ ಅವರ ನೇತೃತ್ವದಲ್ಲಿ ಸಿದ್ಧವಾದ ಸಂಗೀತ ಇಂದಿಗೂ ಹಳತೆನಿಸುವುದಿಲ್ಲ.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ತನ್ನ ಸಂಗ್ರಹಕ್ಕೆ ಮೊದಲ ಬಾರಿಗೆ ಆಯ್ದುಕೊಂಡ 14 ವಿಡಿಯೊ ಗೇಮ್‌ಗಳಲ್ಲಿ ಇದೂ ಒಂದು. ಅಷ್ಟು ಹೊತ್ತಿಗಾಗಲೇ ತಕಹಾಶಿ ಗೇಮ್ ಹೊರತಂದ ಸಂಸ್ಥೆಯನ್ನು ಬಿಟ್ಟಿದ್ದರು. ಮರುಬಿಡುಗಡೆಯನ್ನು ರೂಪಿಸಿದ್ದು ಬೇರೆಯೇ ತಂಡ. ಒಂದು ಕೃತಿ ಹೀಗೆ ಕೈ ಬದಲಾಯಿಸಿ ಬಂದಾಗ ಅದರಲ್ಲಿ ಉಳಿದದ್ದೇನು, ತಿದ್ದಿದ್ದೇನು, ಮೂಲ ಕಲ್ಪನೆ ಯಾರದು ಎಂಬುದನ್ನು ಓದುಗರಿಗೆ ತಿಳಿಸಬೇಕಾದವರು ವಿಮರ್ಶಕರು. ಕನ್ನಡದಲ್ಲಿ ಗೇಮ್‌ಗಳ ಸುದ್ದಿ ಹೆಚ್ಚಾಗಿ ತಂತ್ರಜ್ಞಾನದ ಪುಟದಲ್ಲಿ ಬೆಲೆ ಮತ್ತು ಬಿಡುಗಡೆಯ ದಿನಾಂಕಗಳಿಗೆ ಸೀಮಿತವಾಗುತ್ತದೆ. ತಮ್ಮ ಭಾನುವಾರದ ಪುರವಣಿಯಲ್ಲಿ ಪುಸ್ತಕ ವಿಮರ್ಶೆಯ ಪಕ್ಕದಲ್ಲಿ ತಿಂಗಳಿಗೊಮ್ಮೆಯಾದರೂ ಇಂತಹ ಒಂದು ಗೇಮ್ ಕುರಿತ ಬರಹಕ್ಕೆ ಸ್ಥಳಾವಕಾಶ ಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ, ಮೈಸೂರು