ದಿನಸಿ ಅಂಗಡಿಯ ಹಬ್ಬದ ಗಿಡಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಧರ,

ನೀನು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಕೆಂಪು ಪಾಯಿನ್‌ಸೆಟಿಯಾ, ಮಿನುಗು ಪುಡಿ ಎರಚಿದ ಪುಟ್ಟ ಪೈನ್, ನೀಲಿ ಆರ್ಕಿಡ್, ಮೇಣದಲ್ಲಿ ಅದ್ದಿದ ಗೆಡ್ಡೆ, ನೆತ್ತಿಗೆ ಹೂ ಅಂಟಿಸಿಕೊಂಡ ಕಳ್ಳಿ. ನವೆಂಬರ್ ಬಂತೆಂದರೆ ಅಮೆರಿಕದ ದಿನಸಿ ಅಂಗಡಿಗಳ ಬಾಗಿಲಲ್ಲಿ ಇವೇ. ಕ್ರಿಸ್‌ಮಸ್ ಮುಗಿದ ಮೇಲೆ ಫೆಬ್ರವರಿಗೆ ಹೃದಯದಾಕಾರದ ಎಲೆ, ಮಾರ್ಚ್‌ಗೆ ಮೂರೆಲೆಯ ಶಾಮ್‌ರಾಕ್, ಈಸ್ಟರ್‌ಗೆ ಬಿಳಿ ಲಿಲ್ಲಿ ಬರುತ್ತವೆ. ಯಾವುದನ್ನು ತರಲಿ, ಯಾವುದು ಮಿನ್ನಿಯಾಪೊಲಿಸ್‌ನ ಚಳಿಗಾಲ ದಾಟುತ್ತದೆ ಎಂದು ಕೇಳಿದ್ದೀಯ.

ಇವೆಲ್ಲ ನಿಜವಾದ ಗಿಡಗಳೇ. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಊರು ಇದೆ. ಅಂಗಡಿಯವರು ಹಚ್ಚಿದ ಬಣ್ಣ, ಮಿನುಗು, ಮೇಣ, ಅಂಟು ಅಂಗಡಿಯ ಶೆಲ್ಫಿಗೆ ಬೇಕಾದದ್ದು, ಗಿಡಕ್ಕಲ್ಲ. ಚೀಟಿಯಲ್ಲಿ ‘ಟ್ರಾಪಿಕಲ್ ಪ್ಲಾಂಟ್’ ಎಂದಷ್ಟೇ ಬರೆದಿದ್ದರೆ ಫೋನಿನಲ್ಲಿ ಅಲ್ಲೇ ಹುಡುಕಿ ಹೆಸರು ಗೊತ್ತುಮಾಡಿಕೊ. ಹತ್ತು ವರ್ಷ ಇರುವ ಗಿಡವೋ, ಒಮ್ಮೆ ಹೂಬಿಟ್ಟು ಹೋಗುವಂಥದ್ದೋ ಎಂದು ದುಡ್ಡು ಕೊಡುವ ಮೊದಲೇ ತಿಳಿದಿರಬೇಕು. ಎರಡನೆಯದನ್ನು ಕೊಳ್ಳುವುದು ತಪ್ಪಲ್ಲ. ಹತ್ತು ವರ್ಷದ ಆಸೆ ಇಟ್ಟುಕೊಂಡು ಕೊಂಡರೆ ಮಾತ್ರ ನಿರಾಸೆ.

ಮೊದಲು ಕೊಳ್ಳುವ ಕ್ರಮ. ಗಿಡಗಳ ಲಾರಿ ವಾರದ ಯಾವ ದಿನ ಬರುತ್ತದೆ ಎಂದು ಅಂಗಡಿಯಲ್ಲಿ ಕೇಳು, ಬಂದ ದಿನ ಅಥವಾ ಮರುದಿನ ಹೋಗು. ಆಮೇಲಾದರೆ ಒಂದೋ ಒಣಗಿರುತ್ತವೆ, ಇಲ್ಲವೇ ನೀರಲ್ಲಿ ನಿಂತಿರುತ್ತವೆ. ತಾನಾಗಿ ತೆರೆಯುವ ಬಾಗಿಲಿನ ಎದುರಿನ ಸಾಲನ್ನು ಬಿಡು, ಪ್ರತಿ ಗಿರಾಕಿಯ ಜೊತೆಗೂ ಅಲ್ಲಿಗೆ ಚಳಿಗಾಳಿ ನುಗ್ಗಿರುತ್ತದೆ. ಹಣ್ಣಿನ ರಾಶಿಯ ಪಕ್ಕದ್ದೂ ಬೇಡ. ಮಾಗುವ ಬಾಳೆಹಣ್ಣು, ಸೇಬು ಎಥಿಲೀನ್ ಅನಿಲ ಬಿಡುತ್ತವೆ. ಅದು ತಗುಲಿದರೆ ಆರ್ಕಿಡ್, ಕ್ರಿಸ್‌ಮಸ್ ಕ್ಯಾಕ್ಟಸ್, ಕಲಾಂಚೊ ಎಂಬ ದಪ್ಪೆಲೆಯ ಹೂಗಿಡ ಇವುಗಳ ಮೊಗ್ಗು ಅರಳದೆ ಉದುರುತ್ತವೆ. ಮನೆಯಲ್ಲೂ ಹಣ್ಣಿನ ಬುಟ್ಟಿಯ ಪಕ್ಕ ಇವನ್ನು ಇಡಬೇಡ. ಒಂದೇ ಚೀಲದಲ್ಲಿ ಬಾಳೆಹಣ್ಣಿನ ಜೊತೆ ತರುವುದಂತೂ ಬೇಡವೇ ಬೇಡ.

ಕುಂಡ ಎತ್ತಿ ಭಾರ ನೋಡು. ಹಗುರವಾಗಿ ಎಲೆ ಬಾಡಿದ್ದರೆ ನೀರಿಲ್ಲ, ಹಾಕಿದರೆ ಬಹುಶಃ ಚೇತರಿಸಿಕೊಳ್ಳುತ್ತದೆ. ಭಾರವಾಗಿದ್ದೂ ಎಲೆ ಬಾಡಿದ್ದರೆ ಬೇರು ಕೊಳೆತಿದೆ, ಅದನ್ನು ಅಲ್ಲೇ ಬಿಡು. ಎಲೆಯ ಅಡಿ ಮತ್ತು ತೊಟ್ಟಿನ ಸಂದಿ ನೋಡು: ಹತ್ತಿಯ ಚೂರಿನಂತೆ ಬಿಳಿ ಕಂಡರೆ ಹಿಟ್ಟು ತಿಗಣೆ, ಸಣ್ಣ ಬಲೆ ಕಂಡರೆ ನುಸಿ. ಕೊಳ್ಳುವುದು ಕೊನೆಯಲ್ಲಿ, ಬೇರೆ ದಿನಸಿ ಎಲ್ಲ ಆದ ಮೇಲೆ. ಬಿಲ್ ಮಾಡುವಾಗ ಕಾಗದದ ಅಥವಾ ಪ್ಲಾಸ್ಟಿಕ್ ಹೊದಿಕೆಯನ್ನು ಗಿಡಕ್ಕೆ ಹಾಕಿಸಿ ಅದರ ಬಾಯಿ ಮಡಚಿಸು, ಕಾರನ್ನು ಮೊದಲೇ ಬೆಚ್ಚಗೆ ಮಾಡಿಟ್ಟಿರು, ಡಿಕ್ಕಿಯಲ್ಲಿ ಇಡಬೇಡ. ಪಾಯಿನ್‌ಸೆಟಿಯಾ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ನಮ್ಮ 10 ಡಿಗ್ರಿಗಿಂತ, ಕೆಳಗೆ ಹೋದರೇ ಪೆಟ್ಟು ತಿನ್ನುತ್ತದೆ. ನಿನ್ನೂರಿನ ಜನವರಿಯಲ್ಲಿ ಪಾರ್ಕಿಂಗ್ ಜಾಗ ದಾಟುವ ಸ್ವಲ್ಪ ಹೊತ್ತೇ ಅದಕ್ಕೆ ಸಾಕು. ಪೆಟ್ಟು ಆಗಲೇ ಕಾಣುವುದಿಲ್ಲ, ಆಮೇಲೆ ಎಲೆ ಜೋತುಬಿದ್ದು ಉದುರುತ್ತದೆ.

ಮನೆಗೆ ಬಂದ ದಿನವೇ ಕುಂಡಕ್ಕೆ ಸುತ್ತಿದ ಮಿರುಗುವ ಹಾಳೆಯನ್ನು ತೆಗೆದುಬಿಡು. ಅಂಗಡಿಯ ಇಂಥ ಎಷ್ಟೋ ಗಿಡಗಳನ್ನು ಕೊಲ್ಲುವುದು ಇದೇ ಹಾಳೆ. ಸೋರಿದ ನೀರು ಅದರ ತಳದಲ್ಲಿ ನಿಂತು, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಎಲೆ ಹಳದಿಯಾದದ್ದನ್ನು ನೋಡಿ ಜನ ಇನ್ನಷ್ಟು ನೀರು ಹಾಕುತ್ತಾರೆ. ಅಂದಕ್ಕೆ ಬೇಕೆಂದರೆ ಹಾಳೆಯ ತಳಕ್ಕೆ ನಾಲ್ಕೈದು ತೂತು ಹಾಕಿ ಕೆಳಗೆ ತಟ್ಟೆ ಇಡು. ತೂತಿಲ್ಲದ ಪಿಂಗಾಣಿ ಕುಂಡವಾದರೆ ಒಳಗಿನ ಪ್ಲಾಸ್ಟಿಕ್ ಕುಂಡವನ್ನು ಎತ್ತಿ, ಸಿಂಕಿನಲ್ಲಿ ತಳದಿಂದ ಸೋರುವಷ್ಟು ನೀರು ಹಾಕಿ, ಕಾಲು ಗಂಟೆ ಬಸಿಯಲು ಬಿಟ್ಟು ಮತ್ತೆ ಇಡು. ಇವುಗಳ ಮಣ್ಣು ಬಹುಪಾಲು ಪೀಟ್, ಅಂದರೆ ಜವುಗಿನಿಂದ ತೆಗೆದ ಅರೆಕೊಳೆತ ಸಸ್ಯಪದಾರ್ಥ. ಪೂರ್ತಿ ಒಣಗಿದರೆ ಅದು ಕುಗ್ಗಿ ಕುಂಡದ ಅಂಚಿನಿಂದ ಬಿಟ್ಟುಕೊಳ್ಳುತ್ತದೆ, ಆಗ ಹಾಕಿದ ನೀರು ಬದಿಯಿಂದ ಇಳಿದುಹೋಗಿ ನಡುವೆ ಒಣಗಿಯೇ ಇರುತ್ತದೆ. ಹಾಗಾದರೆ ಕುಂಡವನ್ನು ಬೋಗುಣಿಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆ. ಹೊಸ ಗಿಡವನ್ನು ಎರಡು ವಾರ ಉಳಿದವುಗಳಿಂದ ದೂರವಿಡು. ಹಿಟ್ಟು ತಿಗಣೆ ಕಂಡರೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿಕಡ್ಡಿ ಅದ್ದಿ ಒರೆಸಿ, ವಾರ ಬಿಟ್ಟು ಮತ್ತೆ ಒರೆಸು.

ಇನ್ನು ವೇಷ ಹಾಕಿಸಿಕೊಂಡವು. ಹೂವಿರುವ ಕಳ್ಳಿಯ ಫೋಟೊ ಕಳಿಸಿ, ಇದು ದಿನಾ ಮುಚ್ಚಿ ತೆರೆಯುತ್ತದೆ, ಆದ್ದರಿಂದ ನಿಜವಾದ ಹೂವೇ ಎಂದು ಬರೆದಿದ್ದೀಯ. ಅಲ್ಲ. ಅದು ಒಣಗಿಸಿದ ಸ್ಟ್ರಾಫ್ಲವರ್, ಬಿಸಿ ಅಂಟಿನಿಂದ ಕೂರಿಸಿದ್ದು. ಅದರ ಒಣ ದಳಗಳು ತೇವ ಹೀರಿದಾಗ ಮುಚ್ಚುತ್ತವೆ, ಒಣಗಿದಾಗ ಬಿಚ್ಚುತ್ತವೆ. ಸತ್ತ ಹೂವೂ ಹಾಗೆ ಮಾಡುತ್ತದೆ. ಕಿತ್ತು ತೆಗೆಯಲು ಹೋದರೆ ಕಳ್ಳಿಯ ಚರ್ಮವೇ ಹರಿದು ಆ ಗಾಯ ಕೊಳೆಯಬಹುದು. ಕತ್ತರಿಯಿಂದ ದಳಗಳನ್ನಷ್ಟೇ ಕತ್ತರಿಸು. ಅಂಟಿನ ಅಂಚು ತಾನೇ ಎದ್ದಿದ್ದರೆ ಮಾತ್ರ ಇಕ್ಕಳದಲ್ಲಿ ನಿಧಾನ ಎಬ್ಬಿಸು, ಇಲ್ಲದಿದ್ದರೆ ಬಿಟ್ಟುಬಿಡು. ಅದಕ್ಕಿಂತ ಕೆಟ್ಟದ್ದು ಮಣ್ಣಿನ ಮೇಲೆ ಅಂಟು ಸುರಿದು ಕೂಡಿಸಿದ ಕಲ್ಲುಹರಳು. ನೀರು ಒಳಗಿಳಿಯುವುದಿಲ್ಲ, ಇಳಿದದ್ದು ಆರುವುದಿಲ್ಲ. ಕುಂಡವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಹರಳಿನ ಹೊದಿಕೆ ಸಡಿಲವಾದ ಮೇಲೆ ಚಮಚದ ಹಿಡಿಯಿಂದ ಎಬ್ಬಿಸು. ಎರಡು ಪಾಲು ಕ್ಯಾಕ್ಟಸ್ ಮಣ್ಣಿಗೆ ಒಂದು ಪಾಲು ಪರ್ಲೈಟ್ ಎಂಬ ಹಗುರ ಬಿಳಿ ಹರಳು ಸೇರಿಸಿ ಹೊಸದಾಗಿ ನೆಡು, ಒಂದು ವಾರ ನೀರು ಬೇಡ. ಚಳಿಗಾಲದಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ ನೀರು ಸಾಕು.

ನೀಲಿ, ಗುಲಾಬಿ ಬಣ್ಣ ಸಿಂಪಡಿಸಿದ ರಸಭರಿತ ಗಿಡಗಳನ್ನು ಕೊಳ್ಳಬೇಡ ಎಂದೇ ಹೇಳುತ್ತೇನೆ. ಬಣ್ಣ ಎಲೆಗೆ ಬೆಳಕು ಸಿಗದಂತೆ ಮಾಡುತ್ತದೆ. ಉಜ್ಜಿ ತೊಳೆದರೆ ಎಲೆಯ ರಕ್ಷಣೆಯ ಬೂದುಮೇಣವೂ ಹೋಗುತ್ತದೆ. ಯಾರಾದರೂ ಉಡುಗೊರೆ ಕೊಟ್ಟರೆ ಒಳ್ಳೆಯ ಬೆಳಕಲ್ಲಿಟ್ಟು, ನಡುವಿನಿಂದ ಹಸಿರು ಎಲೆ ಬರುವತನಕ ಕಾಯುವುದೇ ದಾರಿ.

ಕೆಂಪು, ಹಳದಿ ಉಂಡೆಯ ಮೂನ್ ಕ್ಯಾಕ್ಟಸ್‌ನ ಬಣ್ಣ ಮಾತ್ರ ಅದರದ್ದೇ. ಅದು ಎರಡು ಗಿಡಗಳ ಕಸಿ. ಮೇಲಿನದು ಜಿಮ್ನೊಕ್ಯಾಲಿಸಿಯಮ್ ಎಂಬ ಕಳ್ಳಿಯ ಹರಿತ್ತಿಲ್ಲದ ತಳಿ, ತನ್ನ ಆಹಾರ ತಾನು ಮಾಡಿಕೊಳ್ಳಲಾರದು. ಕೆಳಗಿನ ಮೂರು ಮೂಲೆಯ ಹಸಿರು ಕಾಂಡ ಡ್ರ್ಯಾಗನ್ ಫ್ರೂಟ್‌ನ ಜಾತಿಯದು, ಅದೇ ಇದನ್ನು ಸಾಕುವುದು. ಬೆಳೆಯುವ ವೇಗ ಎರಡಕ್ಕೂ ಬೇರೆಯಾದ್ದರಿಂದ ಕಸಿಯ ಕೂಡು ಕೆಲವು ವರ್ಷಗಳಲ್ಲಿ ಬಿಟ್ಟುಹೋಗುತ್ತದೆ. ಕೊಳ್ಳುವಾಗ ಆ ಕೂಡನ್ನು ನೋಡು: ಸಂದಿ ಇರಬಾರದು, ಹಸಿರು ಕಾಂಡ ಗಟ್ಟಿಯಾಗಿರಬೇಕು. ಕಾಂಡ ಉಷ್ಣವಲಯದ್ದು, ಚಳಿ ತಡೆಯದು. ಕಿಟಕಿಯ ಗಾಜಿಗೆ ತಾಗಿಸಿ ಇಡಬೇಡ.

ವ್ಯಾಲೆಂಟೈನ್ಸ್ ದಿನದ ಒಂಟಿ ಹೃದಯದೆಲೆ ಹೊಯಾ ಕೆರಿಯೈ, ಆಗ್ನೇಯ ಏಷ್ಯಾದ ಬಳ್ಳಿ. ಬರೀ ಎಲೆ ಬೇರು ಬಿಟ್ಟು ವರ್ಷಗಟ್ಟಲೆ ಹಸಿರಾಗಿರುತ್ತದೆ, ಆದರೆ ಕಾಂಡದ ಗೆಣ್ಣು ಜೊತೆಗಿಲ್ಲದೆ ಚಿಗುರುವುದಿಲ್ಲ. ಎಷ್ಟು ಗೊಬ್ಬರ ಹಾಕಿದರೂ ಅಷ್ಟೇ. ಬಳ್ಳಿ ಬೇಕೆಂದರೆ ಎರಡೆಲೆ ಮತ್ತು ಗೆಣ್ಣಿರುವ ಸಸಿಯನ್ನು ನರ್ಸರಿಯಿಂದ ತಾ. ಮೇಣದಲ್ಲಿ ಅದ್ದಿದ ಅಮರಿಲ್ಲಿಸ್ ಗೆಡ್ಡೆ ನೀರು, ಮಣ್ಣು ಏನೂ ಕೇಳುವುದಿಲ್ಲ, ತನ್ನೊಳಗಿನ ದಾಸ್ತಾನಿನಿಂದಲೇ ಹೂಬಿಡುತ್ತದೆ. ಬೇರನ್ನು ಕತ್ತರಿಸಿ, ನಿಲ್ಲಲು ತಳಕ್ಕೆ ತಂತಿ ಚುಚ್ಚಿರುತ್ತಾರೆ. ಹಾಗಾಗಿ ಹೂ ಮುಗಿದರೆ ಮುಗಿಯಿತು ಎಂದುಕೊಂಡೇ ಕೊಳ್ಳು. ಮೇಣ ಸುಲಿದಾಗ ತಳ ಗಟ್ಟಿಯಾಗಿದ್ದರೆ ತಂತಿ ತೆಗೆದು, ಮೂರನೇ ಒಂದು ಭಾಗ ಮಣ್ಣಿನ ಮೇಲಿರುವಂತೆ ನೆಟ್ಟು ನೋಡಬಹುದು. ಅದೇ ದುಡ್ಡಿಗೆ ಮೇಣವಿಲ್ಲದ ಗೆಡ್ಡೆ ಸಿಗುತ್ತದೆ, ಅದು ವರ್ಷವರ್ಷವೂ ಹೂಬಿಡಬಲ್ಲದು. ಆಯ್ಕೆ ನನಗೆ ಬಿಟ್ಟರೆ ಅದೇ.

ನೀಲಿ ಆರ್ಕಿಡ್ ನಿಜಕ್ಕೂ ಫಲೆನಾಪ್ಸಿಸ್ ಎಂಬ ಬಿಳಿ ಆರ್ಕಿಡ್, ಹೂದಂಟಿಗೆ ಬಣ್ಣ ಚುಚ್ಚಿದ್ದು. ದಂಟಿನ ಬುಡದ ಹತ್ತಿರ ಆ ತೂತು ಕಾಣುತ್ತದೆ. ಮುಂದಿನ ದಂಟಿನಲ್ಲಿ ಬಿಳಿ ಹೂವೇ ಬರುತ್ತದೆ, ಗಿಡಕ್ಕೇನೂ ಆಗಿಲ್ಲ. ವಾರಕ್ಕೆ ಮೂರು ಐಸ್ ತುಂಡು ಎಂಬ ಸೂಚನೆಯನ್ನು ಓಹಾಯೊ ಸ್ಟೇಟ್ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯದವರು ಪರೀಕ್ಷಿಸಿ, ತೊಗಟೆಯಲ್ಲಿ ನೆಟ್ಟ ಗಿಡಕ್ಕೆ ಅದರಿಂದ ಹಾನಿಯಿಲ್ಲ ಎಂದು 2017ರಲ್ಲಿ ಪ್ರಕಟಿಸಿದರು. ಆದರೆ ನಿನ್ನ ಫೋಟೊದಲ್ಲಿರುವುದು ಪಾಚಿಯಲ್ಲಿ (ಮಾಸ್) ಬಿಗಿದು ನೆಟ್ಟದ್ದು. ಅಲ್ಲಿ ಮೇಲೆ ಒಣಗಿದಂತೆ ಕಂಡರೂ ನಡುವೆ ಒದ್ದೆ. ಬೆರಳು ಹಾಕಿ ನೋಡಿ, ಒಣಗಿದಾಗಷ್ಟೇ ಸಿಂಕಿನಲ್ಲಿ ತೊಯ್ಯಿಸಿ ಬಸಿ. ಹೂ ಮುಗಿದ ಮೇಲೆ ಪಾಚಿಯನ್ನೆಲ್ಲ ಬಿಡಿಸಿ, ಕಂದಿ ಮೆತ್ತಗಾದ ಬೇರು ಕತ್ತರಿಸಿ, ಆರ್ಕಿಡ್ ತೊಗಟೆಯಲ್ಲಿ ನೆಡು.

ಮಿನುಗು ಎರಚಿದ ‘ಪೈನ್’ ಪೈನ್ ಅಲ್ಲ, ಅರಾಕೇರಿಯಾ. ಬೆಂಗಳೂರಿನ ಹಳೆಯ ಬಂಗಲೆಗಳ ಆವರಣದಲ್ಲಿ ಗೋಪುರದೆತ್ತರ ಬೆಳೆದು ನಿಂತಿರುವ ಮರಗಳ ಕುಲ. ಒಂದೇ ಕುಂಡದಲ್ಲಿ ಮೂರು ನಾಲ್ಕು ಸಸಿ ಇರುತ್ತವೆ. ಎಲೆಗೆ ಹಸಿರು ಬಣ್ಣ ಹೊಡೆದಿದ್ದರೆ ಬೇಡ, ಕೆಳಗೆ ಒಣಗಿದ್ದು ಮುಚ್ಚಿಹೋಗಿರುತ್ತದೆ. ಹೀಟರ್‌ನ ಒಣಗಾಳಿ ಇದಕ್ಕೆ ಆಗದು. ಒಮ್ಮೆ ಉದುರಿದ ಕೆಳಗಿನ ಕೊಂಬೆ ಮತ್ತೆ ಬರುವುದಿಲ್ಲವಾದ್ದರಿಂದ ನೀರು ತಪ್ಪಿಸಬೇಡ. ನಿಂಬೆವಾಸನೆಯ ಲೆಮನ್ ಸೈಪ್ರೆಸ್ ಇನ್ನೂ ಕಠಿಣ. ಕ್ಯಾಲಿಫೋರ್ನಿಯಾದ ಮಾಂಟೆರೆ ಕಡಲಂಚಿನ ಮರ ಅದು, ತಂಪು ಮತ್ತು ಬಿಸಿಲು ಎರಡೂ ಬೇಕು. ಬೆಚ್ಚಗಿನ ಕೋಣೆಯಲ್ಲಿ ಒಂದು ಸಲ ಪೂರ್ತಿ ಒಣಗಿದರೂ ಕಂದಾದ ಭಾಗ ಮತ್ತೆ ಹಸಿರಾಗದು. ನಿನ್ನ ಅಪಾರ್ಟ್‌ಮೆಂಟಿಗೆ ಬೇಡ.

ಪಾಯಿನ್‌ಸೆಟಿಯಾಕ್ಕೆ ಬರುತ್ತೇನೆ. ಮೆಕ್ಸಿಕೊದ ಪೊದೆ ಇದು. ಅಲ್ಲಿದ್ದ ಅಮೆರಿಕದ ರಾಯಭಾರಿ ಜೋಯೆಲ್ ಪಾಯಿನ್‌ಸೆಟ್ 1820ರ ದಶಕದಲ್ಲಿ ತನ್ನ ದೇಶಕ್ಕೆ ಕಳಿಸಿದ್ದರಿಂದ ಈ ಹೆಸರು. ಕೆಂಪಾಗಿರುವುದು ಎಲೆಗಳು; ಹೂವು ನಡುವಿನ ಪುಟ್ಟ ಹಳದಿ ಗುಂಡಿಗಳು. ಆ ಗುಂಡಿಗಳು ಇನ್ನೂ ಹಸಿರಾಗಿ ಮುಚ್ಚಿರುವ ಗಿಡ ಆರಿಸಿದರೆ ಬಣ್ಣ ಹೆಚ್ಚು ದಿನ ನಿಲ್ಲುತ್ತದೆ. ಪರಾಗ ಉದುರುತ್ತಿದ್ದರೆ ಅದರ ಕಾಲ ಮುಗಿಯುತ್ತ ಬಂದಿದೆ. ನಮ್ಮೂರ ಕಡೆ ಕಾಂಪೌಂಡಿನ ಪಕ್ಕ ಯಾರೂ ನೋಡಿಕೊಳ್ಳದಿದ್ದರೂ ಡಿಸೆಂಬರಿಗೆ ಕೆಂಪಾಗುವ ಗಿಡ ಮಿನ್ನಿಯಾಪೊಲಿಸ್‌ನ ಮನೆಯೊಳಗೆ ಎರಡನೇ ವರ್ಷ ಹಸಿರಾಗಿಯೇ ಉಳಿಯುವುದಕ್ಕೆ ಕಾರಣ ಚಳಿಯಲ್ಲ, ನಿನ್ನ ದೀಪ. ಸತತ ದೀರ್ಘ ರಾತ್ರಿ ಸಿಕ್ಕರೆ ಮಾತ್ರ ಅದು ಮೊಗ್ಗು ಕಟ್ಟಿ ಕೆಂಪಾಗುವುದು. ಬೀದಿದೀಪದ ಕೆಳಗಿನ ಗಿಡ ಬೆಂಗಳೂರಲ್ಲೂ ತಡವಾಗಿ ಕೆಂಪಾಗುತ್ತದೆ.

ಏಪ್ರಿಲ್‌ನಲ್ಲಿ ಕಾಂಡಗಳನ್ನು ಆರು ಇಂಚಿಗೆ ಕತ್ತರಿಸು. ಬಿಳಿ ಸೊನೆ ಚರ್ಮಕ್ಕೆ ಉರಿ ತರಬಹುದು, ಕೈಗವಸು ಹಾಕು. ಮಂಜು ಬೀಳುವ ಭಯ ತೀರಿದ ಮೇಲೆ, ಮೇ ಕೊನೆಗೆ, ಹೊರಗೆ ಒಂದು ವಾರ ನೆರಳಿನಲ್ಲಿಟ್ಟು ಆಮೇಲೆ ಬೆಳಗಿನ ಬಿಸಿಲಿಗೆ ಸರಿಸು. ಎರಡು ವಾರಕ್ಕೊಮ್ಮೆ ಅರ್ಧ ಪ್ರಮಾಣದ ದ್ರವಗೊಬ್ಬರ ಹಾಕು. ಜುಲೈಯಲ್ಲಿ ಮತ್ತು ಆಗಸ್ಟ್ ಮಧ್ಯದೊಳಗೆ ತುದಿ ಚಿವುಟಿದರೆ ಕವಲೊಡೆಯುತ್ತದೆ. ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುವ ಮೊದಲೇ ಒಳಗೆ ತಾ. ಅಕ್ಟೋಬರ್ 1ರಿಂದ ಸಂಜೆ 5ರಿಂದ ಬೆಳಿಗ್ಗೆ 7ರವರೆಗೆ ರಟ್ಟಿನ ಪೆಟ್ಟಿಗೆ ಮುಚ್ಚು, ಹಗಲು ಕಿಟಕಿಯ ಬಿಸಿಲಿಗಿಡು. ಎಂಟರಿಂದ ಹತ್ತು ವಾರ, ಒಂದು ರಾತ್ರಿಯೂ ಬಿಡದೆ. ನಡುವೆ ನೋಡೋಣವೆಂದು ದೀಪ ಹಾಕಿ ಪೆಟ್ಟಿಗೆ ತೆಗೆದರೆ ಬಣ್ಣ ಹಿಂದೆ ಬೀಳುತ್ತದೆ. ಇಷ್ಟು ಶಿಸ್ತು ಆಗದೆಂದರೆ ಬೇಸರವಿಲ್ಲ, ಹಸಿರು ಗಿಡವಾಗಿಯೇ ಇಟ್ಟುಕೊ. ಕಲಾಂಚೊಗೂ ಇದೇ ಕತ್ತಲೆ, ಆರು ವಾರ ಸಾಕು. ಅದು ನಮ್ಮ ಕಾಡುಬಸಳೆಯ ಬಳಗ, ನೀರು ಕಡಿಮೆ ಕೇಳುತ್ತದೆ.

ಒಂದೇ ಗಿಡ ಕೊಳ್ಳುವುದಾದರೆ ಕ್ರಿಸ್‌ಮಸ್ ಕ್ಯಾಕ್ಟಸ್ ತಾ. ಅಂಗಡಿಯಲ್ಲಿ ಆ ಹೆಸರಲ್ಲಿ ಸಿಗುವುದು ಹೆಚ್ಚಾಗಿ ಅಂಚಿನಲ್ಲಿ ಚೂಪು ಹಲ್ಲಿರುವ ಥ್ಯಾಂಕ್ಸ್‌ಗಿವಿಂಗ್ ಜಾತಿ, ಅದೂ ಚೆನ್ನವೇ. ಆಗ್ನೇಯ ಬ್ರೆಜಿಲ್‌ನ ಬೆಟ್ಟದ ಕಾಡಿನಲ್ಲಿ ಮರದ ಮೇಲೆ ಬೆಳೆಯುವ ಗಿಡ. ಮರುಭೂಮಿಯ ಕಳ್ಳಿಯಂತೆ ಒಣಗಿಸಬೇಡ. ಮೇಲಿನ ಒಂದು ಇಂಚು ಒಣಗಿದಾಗ ನೀರು, ನೇರ ಬಿಸಿಲಿಲ್ಲದ ಬೆಳಕು. ಮೊಗ್ಗಿರುವಾಗ ಜಾಗ ಬದಲಿಸಿದರೆ, ಹೀಟರಿನ ಗಾಳಿ ತಾಗಿದರೆ ಮೊಗ್ಗು ಉದುರುತ್ತವೆ. ಸೆಪ್ಟೆಂಬರಿನಲ್ಲಿ ರಾತ್ರಿ ದೀಪ ಹಾಕದ ತಂಪು ಕೋಣೆಯಲ್ಲಿಟ್ಟರೆ, 50ರಿಂದ 60 ಡಿಗ್ರಿ ಫ್ಯಾರನ್‌ಹೀಟ್‌ನೊಳಗೆ, ಪೆಟ್ಟಿಗೆಯ ಕೆಲಸವಿಲ್ಲದೆಯೇ ಮೊಗ್ಗು ಬರುತ್ತದೆ. ದಶಕಗಟ್ಟಲೆ ಬದುಕುತ್ತದೆ. ಪೂರ್ವ ದಿಕ್ಕಿನ ನಿನ್ನ ಮಲಗುವ ಕೋಣೆ ಇದಕ್ಕೆ ಹೇಳಿ ಮಾಡಿಸಿದ್ದು.

ಒಂದನ್ನು ಮಾತ್ರ ದಯವಿಟ್ಟು ತರಲೇಬೇಡ: ಈಸ್ಟರ್ ಲಿಲ್ಲಿ. ನಿಮ್ಮ ಮನೆಯಲ್ಲಿ ಬೆಕ್ಕಿದೆ. ಆ ಲಿಲ್ಲಿಯ ಎಲೆ, ಹೂ, ಮೈಗೆ ಹತ್ತಿ ನೆಕ್ಕಿಕೊಂಡ ಪರಾಗ, ಹೂದಾನಿಯ ನೀರು, ಯಾವುದೇ ಆಗಲಿ ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸಿ ಒಂದೆರಡು ದಿನದಲ್ಲೇ ಪ್ರಾಣಾಪಾಯ ತರುತ್ತದೆ. ಕೇಸರ ಕಿತ್ತುಹಾಕಿದರೆ ಸಾಲದು. ಯಾರಾದರೂ ತಂದುಕೊಟ್ಟರೆ ಬಾಗಿಲಾಚೆಯೇ ಬೇರೆಯವರಿಗೆ ಕೊಟ್ಟುಬಿಡು. ಅಕಸ್ಮಾತ್ ಕಚ್ಚಿತೆಂದರೆ ವಾಂತಿ ಶುರುವಾಗಲಿ ಎಂದು ಕಾಯದೆ, ಆ ಕ್ಷಣವೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಪಾಯಿನ್‌ಸೆಟಿಯಾ ಘೋರ ವಿಷ ಎಂಬ ಮಾತು ಸುಳ್ಳು, ತಿಂದರೆ ಬಾಯುರಿ, ಹೊಟ್ಟೆತೊಳಸು ಬರಬಹುದು ಅಷ್ಟೇ. ಆದರೆ ಕಲಾಂಚೊ, ಅಮರಿಲ್ಲಿಸ್ ಗೆಡ್ಡೆ, ಸೈಕ್ಲಮೆನ್ ಎಂಬ ಹೂಗಿಡದ ಗೆಡ್ಡೆ ಇವನ್ನು ಬೆಕ್ಕು ಹತ್ತಲಾಗದ ಕಡೆ ಇಡು. ಕ್ರಿಸ್‌ಮಸ್ ಕ್ಯಾಕ್ಟಸ್ ಮತ್ತು ಆರ್ಕಿಡ್‌ನಿಂದ ಅಪಾಯವಿಲ್ಲ.

ಕೊಂಡ ಮೇಲೆ ಗಿಡದ ಮತ್ತು ಕುಂಡದ ತಳದ ಫೋಟೊ ಎರಡನ್ನೂ ಕಳಿಸು. ತಳದ ತೂತು ನೋಡಿದರೆ ನೀರು ಹೇಗೆ ಹಾಕಬೇಕೆಂದು ಹೇಳುತ್ತೇನೆ.

ನಿನ್ನ ಗೆಳೆಯ