ದಾಸ್ತಾನು ಇದೆ, ಬೀಗದ ಕೈ ಇಲ್ಲ

ಮಾನ್ಯ ಸಂಪಾದಕರೇ,

ಜಿಲ್ಲಾಸ್ಪತ್ರೆಯ ಐಸಿಯು ಕುರಿತ ನಿನ್ನೆಯ ವರದಿಯಲ್ಲಿ ‘ಔಷಧಿ ಕೊರತೆ ಇಲ್ಲ, ಸಾಕಷ್ಟು ದಾಸ್ತಾನಿದೆ’ ಎಂದು ಮೇಲಧಿಕಾರಿಗಳು ಅಪ್ಪಣೆ ಕೊಡಿಸಿದ್ದಾರೆ. ಸಂತೋಷ. ಹಾಗಾದರೆ ಭಾನುವಾರ ರಾತ್ರಿ ನನ್ನ ಕೈಗೆ ಚೀಟಿ ಕೊಟ್ಟು ಹೊರಗೆ ಓಡಿಸಿದ್ದು ಯಾವ ಆಸ್ಪತ್ರೆ?

ನಮ್ಮ ಅತ್ತಿಗೆಗೆ ಮೂತ್ರದ ಸೋಂಕು ರಕ್ತಕ್ಕೇರಿ ಬಿ.ಪಿ.ಯ ಮೇಲಿನ ಅಂಕಿಯೇ 70ಕ್ಕೆ ಕುಸಿದಿತ್ತು. ಸಲೈನ್ ಏರಿಸಿದರೂ ಮೇಲೇಳಲಿಲ್ಲ. ಇಂಥ ಹೊತ್ತಿನಲ್ಲಿ ರಕ್ತನಾಳಗಳನ್ನು ಬಿಗಿಗೊಳಿಸಲು ಮೊದಲು ಕೊಡುವುದೇ ನಾರ್‌ಅಡ್ರಿನಲಿನ್. ಅದೇನು ಅಪರೂಪದ ಸಂಜೀವಿನಿಯಲ್ಲ, ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಚುಚ್ಚುಮದ್ದು. ಉಗ್ರಾಣದಲ್ಲಿ ಇದೆಯಂತೆ. ಆದರೆ ಬೀಗದ ಕೈ ಫಾರ್ಮಸಿಯವರ ಜೇಬಿನಲ್ಲಿ, ಫಾರ್ಮಸಿಯವರು ಮನೆಯಲ್ಲಿ!

ಜನೌಷಧಿ ಮಳಿಗೆ ಮುಚ್ಚಿತ್ತು. ಎದುರಿನ ಅಂಗಡಿಯವರು ‘ಅದು ಐಸಿಯು ಮಾಲು, ನಾವು ಇಡುವುದಿಲ್ಲ’ ಎಂದರು. ಹಳೆ ಬಸ್ ನಿಲ್ದಾಣದವರೆಗೆ ಹೋಗಲು ಆಟೊದವನು ಎರಡರಷ್ಟು ಬಾಡಿಗೆ ಕಿತ್ತ. ಔಷಧಿ ಹಿಡಿದು ಏದುಸಿರು ಬಿಡುತ್ತ ಮರಳಿದರೆ ಗೇಟಿನಲ್ಲಿ ಕಾವಲುಗಾರ ಪಾಸ್ ಕೇಳಿದ. ಒಳಗೆ ಔಷಧಿಯನ್ನು ಅಳತೆ ತಪ್ಪದೆ ಏರಿಸಬೇಕಾದ ಯಂತ್ರ, ಸಿರಿಂಜ್ ಪಂಪ್, ‘ರಿಪೇರಿಗೆ ಬರೆದಿದೆ’ ಎಂಬ ಚೀಟಿ ಅಂಟಿಸಿಕೊಂಡು ಕುಳಿತಿತ್ತು. ಪಾಪ, ನರ್ಸ್ ಒಬ್ಬರು ಗಡಿಯಾರ ನೋಡುತ್ತ ಡ್ರಿಪ್‌ನ ಹನಿ ಎಣಿಸಿದರು. ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಪರಿಣಾಮ ಇಳಿದುಹೋಗುವ ಔಷಧಿಯಿದು. ಅವರ ಕಣ್ಣು ತಪ್ಪಿದ್ದರೆ ಹೊಣೆ ಯಾರು? ಬಿ.ಪಿ.ಯ ಮೇಲಿನ-ಕೆಳಗಿನ ಅಂಕಿಗಳ ನಡುವೆ ಬರುವ ಸರಾಸರಿ ಒತ್ತಡ 65ಕ್ಕಾದರೂ ಏರಲಿ ಎಂದು ವೈದ್ಯರು ಕಾದರು. ಬಂದಾಗ ನಡುರಾತ್ರಿ ಕಳೆದಿತ್ತು. ಅತ್ತಿಗೆ ಉಳಿದಿದ್ದಾರೆ. ಅದು ಆ ನರ್ಸ್ ಮಾಡಿದ ಪುಣ್ಯವೇ ಹೊರತು ಯಾರ ದಾಸ್ತಾನಿನದೂ ಅಲ್ಲ.

ಇದೇನು ಹೊಸದೇ? 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಕರೆಂಟ್ ಕೈಕೊಟ್ಟು ಐಸಿಯು ರೋಗಿಗಳು ಸತ್ತರೆಂಬ ಆರೋಪ ಬಂತು, ಸದನದಲ್ಲಿ ಗದ್ದಲವಾಯಿತು, ಸಮಿತಿಯಾಯಿತು. 2024ರಲ್ಲಿ ಅಲ್ಲಿಯೇ ಬಾಣಂತಿಯರ ಸಾವು, ಡ್ರಿಪ್‌ನಲ್ಲಿ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ, ಮತ್ತೆ ತನಿಖೆ. ಈ ರಾಜ್ಯದಲ್ಲಿ ಸಮಿತಿಗಳಿಗೆ ಮಾತ್ರ ಎಂದೂ ಕೊರತೆಯಿಲ್ಲ. ನಮ್ಮ ಆಸ್ಪತ್ರೆಯ ಲಿಫ್ಟ್ ಕೆಟ್ಟು ಯಾವ ಕಾಲವಾಯಿತೋ, ಮುಂದಿನ ಚರಂಡಿಯ ನಾತ ವಾರ್ಡಿನವರೆಗೂ ಬರುತ್ತದೆ. ಸಚಿವರು ಬರುವ ಹಿಂದಿನ ದಿನ ಮಾತ್ರ ಗೋಡೆಗೆ ಸುಣ್ಣ, ಹೂಕುಂಡ, ನೆಲಕ್ಕೆ ಫಿನಾಯಿಲ್!

ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಬೇಕು, ರಾತ್ರಿ ಪಾಳಿಗೂ ಔಷಧಿ ಸಿಗಬೇಕು, ತಪ್ಪಿತಸ್ಥರ ಮೇಲೆ ಸೂಕ್ತ ಕ್ರಮ ಜರುಗಿಸಬೇಕು. ಅದೂ ಆಗದಿದ್ದರೆ ದೊಡ್ಡ ಅಧಿಕಾರಿಗಳು ಒಂದು ರಾತ್ರಿ ಪಾಸ್ ಇಲ್ಲದೆ ಆ ಗೇಟಿನಲ್ಲಿ ನಿಂತು ನೋಡಲಿ. ಹೇಳುವವರು ಕೇಳುವವರು ಯಾರೂ ಇಲ್ಲವೇ?

– ನೊಂದ ಓದುಗ, ಕೋಟೆ ಬಡಾವಣೆ