ಗಬ್ಬದ ಕುರಿಗೆ ಸಂಜೆಯ ನಂತರ ಯಾರು ಗತಿ?

ಮಾನ್ಯ ಸಂಪಾದಕರೇ,

ಕೊಡಗು ಎಂದರೆ ಕಾಫಿ, ಕಾಳುಮೆಣಸು ಎಂದುಕೊಂಡವರಿಗೆ ಹೆಬ್ಬಾಲೆ, ಶಿರಂಗಾಲದ ಕಡೆ ನಮ್ಮಂಥ ಕುರಿ ಸಾಕುವವರೂ ಇರುವುದು ನೆನಪಾಗುವುದಿಲ್ಲ.

ಕಳೆದ ತಿಂಗಳು ನನ್ನ ಕುರಿಯೊಂದಕ್ಕೆ ಈಯಲು ಇನ್ನೂ ಎರಡು ವಾರವಿರುವಾಗಲೇ ಮೈ ಹೊರಬಂತು, ಅಂದರೆ ಯೋನಿಯ ಒಳಭಾಗ ಹೊರಗೆ ಜಾರಿತು. ಮೊದಲು ಮಲಗಿದಾಗ ನಿಂಬೆಹಣ್ಣಿನಷ್ಟು ಕಾಣಿಸಿ, ಎದ್ದರೆ ಒಳಸೇರುತ್ತಿತ್ತು. ಅಲಕ್ಷ್ಯ ಮಾಡಿದ್ದು ನನ್ನದೇ ತಪ್ಪು. ಮೂರನೆಯ ಸಂಜೆ ತೆಂಗಿನಕಾಯಿ ಗಾತ್ರಕ್ಕೆ ಊದಿ, ಕೊಟ್ಟಿಗೆಯ ಕಸವೆಲ್ಲ ಮೆತ್ತಿಕೊಂಡಿತ್ತು. ಪಶು ಆಸ್ಪತ್ರೆಗೆ ಬೀಗ. ನೆರೆಯವರೊಬ್ಬರು ಬೂದಿ ಹಚ್ಚಲು ಹೇಳಿದರು, ಪುಣ್ಯಕ್ಕೆ ಹಚ್ಚಲಿಲ್ಲ.

ಪರಿಚಯದ ವೈದ್ಯರೊಬ್ಬರು ಮೊಬೈಲ್‌ನಲ್ಲೇ ದಾರಿ ತೋರಿಸಿದರು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು ಸಕ್ಕರೆ ಉದುರಿಸಿದೆವು, ಊತ ಇಳಿಯಿತು. ಹೆಂಡತಿ ಹಿಂಗಾಲು ಎತ್ತಿ ಹಿಡಿದಳು. ಹೊರಬಂದ ಭಾಗವನ್ನು ಮೇಲೆತ್ತಿದ ಕೂಡಲೇ ಕಟ್ಟಿಕೊಂಡಿದ್ದ ಮೂತ್ರ ಹರಿಯಿತು. ಬೆರಳ ತುದಿ ತಾಗಿಸದೆ ಅಂಗೈಯಿಂದ ಮೆಲ್ಲಗೆ ಒಳತಳ್ಳಿದೆ. ಮರುದಿನ ಅವರೇ ಬಂದು ಹೊಲಿಗೆ ಹಾಕಿದರು. ಹೆರಿಗೆ ನೋವು ಶುರುವಾದೊಡನೆ ಬಿಚ್ಚದಿದ್ದರೆ ಹರಿದುಹೋಗುತ್ತದೆಂದು ಎಚ್ಚರಿಸಿದ್ದರಿಂದ ಅಷ್ಟೂ ರಾತ್ರಿ ಕೊಟ್ಟಿಗೆಯಲ್ಲೇ ಮಲಗಿದೆ. ಅವಳಿ ಮರಿಗಳು ಬದುಕಿವೆ. ತಾಯಿಯನ್ನು ಇನ್ನು ಗಬ್ಬ ಕಟ್ಟಿಸುವುದಿಲ್ಲ. ಈ ತೊಂದರೆ ಮರುಕಳಿಸುವಂಥದ್ದು.

1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ, ನನಗೂ ಆಮೇಲೆ ತಿಳಿಯಿತು. ಆ ಸಂಖ್ಯೆಯನ್ನು ಹಾಲಿನ ಡೇರಿಗಳ ಗೋಡೆಯ ಮೇಲೆ ಬರೆಸಲಿ. ಕುರಿ ಈಯುವ ತಿಂಗಳುಗಳಲ್ಲಾದರೂ ರಾತ್ರಿ ಒಬ್ಬ ವೈದ್ಯರು ಈ ಭಾಗಕ್ಕೆ ಸಿಗುವಂತೆ ಇಲಾಖೆ ಮಾಡಲಿ.

– ಒಬ್ಬ ಕುರಿ ಸಾಕಣೆದಾರ, ಕುಶಾಲನಗರ ತಾಲ್ಲೂಕು